ಹನ್ನೊಂದೂವರೆಯ ನಿಲುಗಡೆ

ತಮ್ಮ ತೇಗೊನ್ ತೊಂಬತ್ತೆರಡು ಮೆಟ್ಟಿಲು ಹತ್ತಿ ಮನೆಗೆ ಬಂದಾಗಲೇ ಮಲ್‌ಸುಕ್‌ಗೆ ಅನುಮಾನ ಬರಬೇಕಿತ್ತು. ಬೂಸಾನ್ ಬಂದರಿಗೆ ಎದುರಾಗಿರುವ ಆ ಗುಡ್ಡದ ಮೇಲೆಯೇ ಅವನೂ ಹುಟ್ಟಿ ಬೆಳೆದದ್ದು. ಆದರೆ ಹೊಸ ಬಡಾವಣೆಯಲ್ಲಿ ಲಿಫ್ಟಿರುವ ಮನೆ ಬಾಡಿಗೆಗೆ ಹಿಡಿದ ಮೇಲೆ ಮೆಟ್ಟಿಲೆಂದರೆ ಅವನಿಗೆ ಮಂಡಿನೋವು. ಹಬ್ಬ ಬಂದರೂ ಕಾರನ್ನು ಕೆಳಗಿನ ರಸ್ತೆಯಲ್ಲಿ ನಿಲ್ಲಿಸಿ, ಅಮ್ಮನನ್ನು ಇಳಿಸಿಕೊಂಡು ಬಾ ಎಂದು ಅಕ್ಕನಿಗೆ ಫೋನ್ ಮಾಡುವವನು. ಅಂಥವನು ಮೇ ತಿಂಗಳ ಹೆತ್ತವರ ದಿನದಂದು ಒಂದು ಕೈಯಲ್ಲಿ ಹಣ್ಣಿನ ಬುಟ್ಟಿ, ಇನ್ನೊಂದರಲ್ಲಿ ಕೆಂಪು ಹೂವು ಹಿಡಿದು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಮಗಳು ಸೋಯುಲ್, ಹದಿನೈದರ ಹುಡುಗಿ, ಕಿವಿಗೆ ವಯರು ಸಿಕ್ಕಿಸಿಕೊಂಡು.

ಹೂವನ್ನು ಅಮ್ಮನ ಎದೆಗೆ ಪಿನ್ನು ಹಾಕಿ ಸಿಕ್ಕಿಸಿದ. ಅಮ್ಮನಿಗೆ ಎಂಬತ್ತೆರಡು. ಹೂವನ್ನು ಒಮ್ಮೆ, ಮಗನನ್ನು ಒಮ್ಮೆ ನೋಡಿ, ಕೃತಕ ಹಲ್ಲಿನ ಸೆಟ್ಟು ಜಾರದಂತೆ ನಾಲಗೆಯಿಂದ ಒತ್ತಿ ಹಿಡಿದು ನಕ್ಕಳು. ಇಪ್ಪತ್ತನಾಲ್ಕು ವರ್ಷದಿಂದ ಜೊತೆಗಿದ್ದು ಆ ಹಲ್ಲಿಗೆ ಹೊಂದುವಂತೆ ಅನ್ನವನ್ನು ಮೆತ್ತಗೆ ಬೇಯಿಸುತ್ತ ಬಂದ ಮಲ್‌ಸುಕ್‌ಗೆ ಅಂಥ ನಗು ಸಿಕ್ಕಿದ್ದು ನೆನಪಿಲ್ಲ. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವವಳೂ ಅಲ್ಲ. ಅವಳ ಹೆಸರೇ ‘ಇದೇ ಕೊನೆಯ ಹೆಣ್ಣಾಗಲಿ’ ಎಂದು ಬೇಡಿಕೊಂಡು ಇಟ್ಟದ್ದು. ಬೇಡಿಕೆ ಫಲಿಸಿ ಎರಡು ವರ್ಷಕ್ಕೆ ತೇಗೊನ್ ಹುಟ್ಟಿದ.

ಊಟಕ್ಕೆ ಕಡಲಪಾಚಿಯ ಸಾರು, ಹುರಿದ ಮೀನು, ಮೂಲಂಗಿಯ ಕಿಮ್ಚಿ. ತೇಗೊನ್ ಮೀನಿನ ಮುಳ್ಳು ಬಿಡಿಸಿ ಅಮ್ಮನ ಬಟ್ಟಲಿಗೆ ಹಾಕಿದ. ಅದೂ ಹೊಸದೇ.

“ಅಮ್ಮಾ, ನಿನ್ನ ಒಂದಿನ ಊರು ಸುತ್ತಿಸ್ಬೇಕು ಅಂತಿದೀನಿ. ನಿಧಾನಕ್ಕೆ, ಆಯಾಸ ಆಗ್ದಂಗೆ.”

“ನನಗ್ಯಾಕಪ್ಪಾ ಊರು?” ಅಂದಳು ಅಮ್ಮ. “ಮೀನಿನ ಬುಟ್ಟಿ ತಲೆ ಮೇಲೆ ಹೊತ್ಕೊಂಡು ಮೂವತ್ತು ವರ್ಷ ಸುತ್ತಿದೀನಲ್ಲ, ಸಾಲ್ದಾ?”

“ಆಗ ಸುತ್ತಿದ್ದು ಬುಟ್ಟಿ, ಅಜ್ಜೀ, ನೀವು ಅದರ ಕೆಳಗಿದ್ರಿ ಅಷ್ಟೇ,” ಎಂದಳು ಸೋಯುಲ್, ವಯರು ತೆಗೆಯದೆ.

ಮುದುಕಿ ಮೊಮ್ಮಗಳ ತಲೆಗೆ ಚಮಚದಿಂದ ಮೊಟಕಿದಳು. ಆಮೇಲೆ, ಯಾರೂ ಕೇಳದಿದ್ದರೂ, ಯಂಗ್‌ದೋ ಸೇತುವೆ ಏಳುವುದನ್ನು ಮಾತ್ರ ಒಂದು ಸಲ ನೋಡಬೇಕು ಎಂದಳು. ದಿನಾ ಮಧ್ಯಾಹ್ನ ಎರಡಕ್ಕೆ ಅದರ ಒಂದು ಭಾಗ ಬಾಗಿಲ ರೆಕ್ಕೆಯಂತೆ ಮೇಲೇಳುತ್ತದೆಯಂತಲ್ಲ, ಈಗಲೂ?

ಎರಡು ಗಂಟೆಗೆ ಸೇತುವೆ ಎಂಬುದು ಹೀಗೆ ನಿಗದಿಯಾಯಿತು. ಮಲ್‌ಸುಕ್ ಶನಿವಾರ ಎಂದಳು, ತೇಗೊನ್ ಶನಿವಾರ ಬೇಡ ಎಂದ. ಜನಜಂಗುಳಿ, ಕಾರು ನಿಲ್ಲಿಸಲು ಜಾಗವಿಲ್ಲ, ಅಮ್ಮನಿಗೆ ಉಸಿರು ಕಟ್ಟುತ್ತದೆ. ವಾರದ ನಡುವೆ ಆದರೆ ಚೆಂದ.

“ನನಗೆ ಕೆಲಸ ಇರುತ್ತಲ್ಲೋ.”

“ಅಮ್ಮನಿಗೋಸ್ಕರ ಒಂದಿನ ರಜ ಹಾಕೋಕಾಗಲ್ವಾ ಅಕ್ಕಾ? ನಾನು ಹಾಕ್ತಿಲ್ವಾ?”

ಮಲ್‌ಸುಕ್‌ಗೆ ಕೆಲಸ ಒಂದು ಮಾಧ್ಯಮಿಕ ಶಾಲೆಯ ಅಡುಗೆಮನೆಯಲ್ಲಿ. ಒಂಬತ್ತುನೂರು ಮಕ್ಕಳ ಊಟವನ್ನು ಏಳು ಹೆಂಗಸರು ಬೇಯಿಸುತ್ತಾರೆ. ಒಬ್ಬಳು ಬಾರದಿದ್ದರೆ ಅವಳ ಪಾಲಿನ ಹಂಡೆಯನ್ನು ಉಳಿದ ಆರು ಜನರ ಸೊಂಟ ಎತ್ತಬೇಕು. ತೇಗೊನ್‌ನ ಬ್ಯಾಂಕಿನ ಕುರ್ಚಿ ಒಂದು ದಿನ ಖಾಲಿಯಿದ್ದರೆ ಯಾರ ಸೊಂಟಕ್ಕೂ ಏನೂ ಆಗುವುದಿಲ್ಲ. ಆದರೂ ಅವಳು ಸಹೋದ್ಯೋಗಿಗಳ ಕೈಕಾಲು ಹಿಡಿದು ಜೂನ್ ಮೊದಲ ಬುಧವಾರಕ್ಕೆ ರಜೆ ಗಿಟ್ಟಿಸಿಕೊಂಡಳು. ತಮ್ಮ ತಾನಾಗಿ ಅಮ್ಮನನ್ನು ನೆನೆಸಿಕೊಂಡಿದ್ದಾನೆ, ಇದಕ್ಕೆ ಅಡ್ಡ ಬರಬಾರದು ಎಂಬುದಷ್ಟೇ ಅವಳ ಲೆಕ್ಕ.

ಯೋಜನೆಯೆಲ್ಲ ಅವಳ ಪಾಲಿಗೆ ಬಂತು. ನಿನಗೇ ಅಮ್ಮನ ದೇಹಸ್ಥಿತಿ ಗೊತ್ತಿರೋದು ಎಂದು ತೇಗೊನ್ ಬೆಣ್ಣೆ ಹಚ್ಚಿದ. ಅದು ನಿಜವೂ ಆಗಿತ್ತು. ಅಮ್ಮ ಇನ್ನೂರು ಹೆಜ್ಜೆಗೆ ಒಮ್ಮೆ ಕೂರಬೇಕು. ಒಂದೂವರೆ ಗಂಟೆಗೊಮ್ಮೆ ಶೌಚಾಲಯ ಬೇಕು, ಅದೂ ಕುಕ್ಕರುಗಾಲಿನದಲ್ಲ. ತಣ್ಣನೆಯದು ಕುಡಿದರೆ ಕೆಮ್ಮು. ಎಸ್ಕಲೇಟರಿನ ಮೊದಲ ಮೆಟ್ಟಿಲಿಗೆ ಕಾಲಿಡಲು ಭಯ, ಒಮ್ಮೆ ಇಟ್ಟರೆ ರಾಣಿ.

ಎರಡು ಶನಿವಾರ ಮಲ್‌ಸುಕ್ ಒಬ್ಬಳೇ ಆ ದಾರಿಯನ್ನು ನಡೆದು ನೋಡಿದಳು. ಅಮ್ಮನ ಹಾಗೆಯೇ ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು, ಹೆಜ್ಜೆ ಎಣಿಸಿ, ಎಲ್ಲಿ ಬೆಂಚಿದೆ, ಎಲ್ಲಿ ನೆರಳು ಎಷ್ಟು ಹೊತ್ತಿನವರೆಗೆ ಇರುತ್ತದೆ ಎಂದು ಬರೆದುಕೊಂಡಳು. ಗುಡ್ಡದ ಮೇಲಿನ ಉದ್ಯಾನ, ಅಲ್ಲಿ ಪಾರಿವಾಳ, ಸಮುದ್ರ ಕಾಣುವ ಕಲ್ಲುಬೆಂಚು. ಮೀನು ಮಾರುಕಟ್ಟೆಯ ಹಿಂದೆ ಚಿಪ್ಪಿನ ಗಂಜಿ ಮಾಡುವ ಅಂಗಡಿ. ಎರಡಕ್ಕೆ ಸೇತುವೆ. ಆದರೆ ಉದ್ಯಾನಕ್ಕೂ ಗಂಜಿಗೂ ನಡುವೆ ಒಂದು ಕಂದಕ ಇತ್ತು: ಕೂರಲು ಜಾಗವಿಲ್ಲ, ಶೌಚಾಲಯವೂ ಇಲ್ಲ. ಸೌಂದರ್ಯ ಸಾಮಗ್ರಿಯ ಅಂಗಡಿಗಳ ಸಾಲು, ನಿಂತರೆ ಕೊಳ್ಳಬೇಕು, ಕೊಳ್ಳದಿದ್ದರೆ ನಡೆಯಬೇಕು. ಮುಪ್ಪಿನವರಿಗೆ ಈ ಊರು ಇಟ್ಟಿರುವ ಜಾಗ ಅಷ್ಟೇ. ಎರಡನೆಯ ಶನಿವಾರ, ಒಂದು ಅಡ್ಡರಸ್ತೆಯಲ್ಲಿ, ಅವಳಿಗೆ ಆ ಬಡಾವಣೆಯ ಸರ್ಕಾರಿ ಕಚೇರಿ ಕಣ್ಣಿಗೆ ಬಿತ್ತು. ಗಾಜಿನೊಳಗೆ ಬಗ್ಗಿ ನೋಡಿದಳು: ಒರಗುವ ಕುರ್ಚಿ, ಬಿಸಿನೀರಿನ ಯಂತ್ರ, ರಕ್ತದೊತ್ತಡ ನೋಡಿಕೊಳ್ಳುವ ಪೆಟ್ಟಿಗೆ, ಕೈಹಿಡಿ ಇರುವ ಶೌಚಾಲಯದ ಗುರುತು. ನಿಧಿ ಸಿಕ್ಕಿದಂತಾಯಿತು. ವಾರದ ನಡುವೆ ಆಗಿದ್ದೇ ಒಳ್ಳೆಯದಾಯಿತು, ಶನಿವಾರ ಮುಚ್ಚಿರುತ್ತಿತ್ತು ಎಂದು ತಮ್ಮನನ್ನು ಮನಸ್ಸಿನಲ್ಲೇ ಮೆಚ್ಚಿದಳು.

ಶಾಲೆಯ ತಿಂಗಳ ಊಟದ ಪಟ್ಟಿಯ ಬೆನ್ನಿಗೆ, ಅಮ್ಮನಿಗೆ ಕಾಣುವಂತೆ ದೊಡ್ಡ ಅಕ್ಷರದಲ್ಲಿ ಬರೆದಳು. ಹತ್ತಕ್ಕೆ ಉದ್ಯಾನ. ಅದರ ಕೆಳಗೆ: ‘ಹನ್ನೊಂದೂವರೆಗೆ ಬಡಾವಣೆ ಕಚೇರಿ. ಅಮ್ಮ ಇಲ್ಲಿ ಕೂರಬೇಕು. ಆತುರ ಬೇಡ.’ ಆಮೇಲೆ ಗಂಜಿ, ಸೇತುವೆ.

ಅದರ ಫೋಟೊ ತೆಗೆದು ತಮ್ಮನಿಗೆ ಕಳಿಸಿದಳು. ಒಂದು ನಿಮಿಷದೊಳಗೆ ಅವನ ಫೋನೇ ಬಂತು.

“ಅಕ್ಕಾ, ಹನ್ನೊಂದೂವರೆದು ಬದಲಾಯಿಸ್ಬೇಡ. ಅದು ಬಹಳ ಚೆನ್ನಾಗಿದೆ.”

“ಶೌಚಾಲಯ ನೋಡ್ಕೊಂಡು ಹಾಕಿದ್ದು ಕಣೋ.”

“ಅದಕ್ಕೇ ಹೇಳ್ತಿರೋದು. ಆ ಚೀಟಿ ನನಗೇ ಕೊಟ್ಬಿಡು, ಕಾರು ಓಡಿಸೋನ ಹತ್ರ ಇರ್ಲಿ.”

*

ಬುಧವಾರ ಬಿಸಿಲು ಹದವಾಗಿತ್ತು. ಅಮ್ಮ ಬೆಳಿಗ್ಗೆ ಐದಕ್ಕೇ ಎದ್ದು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಸೊಂಟದ ಒಳಚೀಲವನ್ನು ಎರಡೆರಡು ಸಲ ಮುಟ್ಟಿ ನೋಡಿಕೊಂಡಳು. ಅದರಲ್ಲಿ ಅವಳ ಗುರುತಿನ ಚೀಟಿ, ಕೆಂಪು ರೇಷ್ಮೆಯ ಪುಟ್ಟ ಚೀಲದಲ್ಲಿ ಸಹಿಯ ಬದಲು ಒತ್ತುವ ಹೆಸರಿನ ಮೊಹರು. ಹದಿಮೂರನೆಯ ವಯಸ್ಸಿಗೆ ಯುದ್ಧದಲ್ಲಿ ಉತ್ತರದಿಂದ ಹಡಗೇರಿ ಬಂದವಳು. ಕಾಗದವಿಲ್ಲದವನು ಮನುಷ್ಯನಲ್ಲ ಎಂಬುದನ್ನು ಕಲಿತವಳು. ಬಾವಿಯ ನೀರಿಗೆ ಹೋದರೂ ಅವೆರಡನ್ನು ಬಿಟ್ಟು ಹೋದವಳಲ್ಲ. ಗಂಡ ಸತ್ತ ಮೇಲೆ ಗುಡ್ಡದ ಮನೆ ಅವಳ ಹೆಸರಿಗೆ ಬಂದಿತ್ತು. ಕಾಗದಕ್ಕೆ ಆ ಮೊಹರು ಬಿದ್ದರೆ ಮನೆ ಕೈಬಿಟ್ಟಂತೆ, ಅಷ್ಟೇ.

ಉದ್ಯಾನದಲ್ಲಿ ಎಲ್ಲವೂ ಚೀಟಿಯಂತೆಯೇ ನಡೆಯಿತು. ಪಾರಿವಾಳಗಳಿಗೆ ಅಕ್ಕಿಯ ಪುರಿ ಎರಚಿ ಅಮ್ಮ ಬೈದಳು, ಇವಕ್ಕೆ ದುಡಿಯೋಕೇನು ರೋಗ ಎಂದು. ಅಪ್ಪ ಶಾಲೆಗೆ ರಜೆ ಹಾಕಿಸಿ ಕರೆತಂದಿದ್ದ ಸೋಯುಲ್ ಅಜ್ಜಿಯ ಫೋಟೊ ತೆಗೆದಳು. ಎಸ್ಕಲೇಟರಿನಲ್ಲಿ ಮಲ್‌ಸುಕ್ ಹಿಂದೆ ನಿಂತು ಅಮ್ಮನ ಸೊಂಟ ಹಿಡಿದಿದ್ದಳು. ಹನ್ನೊಂದೂವರೆಗೆ ಐದು ನಿಮಿಷ ಮೊದಲೇ ಕಚೇರಿಯ ತಂಪಿನೊಳಗೆ ಅಮ್ಮನನ್ನು ಒರಗುವ ಕುರ್ಚಿಗೆ ಕೂರಿಸಿ, ಅವಳ ಬೂಟಿನ ಹಿಮ್ಮಡಿ ಸಡಿಲಿಸಿ, ಬಿಸಿನೀರು ತಂದುಕೊಟ್ಟಳು.

ಆಗ ತೇಗೊನ್ ಗಡಿಯಾರ ನೋಡಿದ. ಗಂಜಿ ಅಂಗಡಿಯಲ್ಲಿ ಹನ್ನೆರಡಕ್ಕೆಲ್ಲ ಸಾಲು ಬೆಳೆಯುತ್ತದೆ, ಅಕ್ಕನೂ ಸೋಯುಲೂ ಮುಂದೆ ಹೋಗಿ ಗೋಡೆಗೊರಗುವ ಜಾಗ ಹಿಡಿಯಲಿ, ಅಮ್ಮ ಸುಧಾರಿಸಿಕೊಂಡ ಮೇಲೆ ತಾನು ಕರೆತರುತ್ತೇನೆ ಎಂದ. ಮಲ್‌ಸುಕ್‌ಗೆ ತಮ್ಮ ಇಷ್ಟು ಯೋಚಿಸುತ್ತಾನಲ್ಲ ಎನಿಸಿತು. ಹೋದಳು.

ಅವರು ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಅಮ್ಮ ಗೋಡೆಗೊರಗಿ ಕೂತಳು. ಗಂಜಿ ಮೂರು ಚಮಚ ತಿಂದು ಬಟ್ಟಲನ್ನು ದೂರ ಸರಿಸಿದಳು. ಬಿಸಿಯಾಯಿತೇ, ಉಪ್ಪಾಯಿತೇ ಎಂದು ಮಲ್‌ಸುಕ್ ಕೇಳಿದರೆ, ಎಲ್ಲ ಸರಿಯಾಗಿದೆ, ನೀನು ಎಲ್ಲ ಸರಿಯಾಗಿಯೇ ಮಾಡಿದೀಯ ಎಂದಳು. ತೇಗೊನ್ ಮಾತ್ರ ಎರಡು ಬಟ್ಟಲು ಬಳಿದ.

ಎರಡಕ್ಕೆ ಸೈರನ್ ಕೂಗಿತು. ರಸ್ತೆ ಹೊತ್ತ ಸೇತುವೆ, ಬಳಿದ ಬಿಳಿಗೆರೆಗಳ ಸಮೇತ, ಆಕಾಶಕ್ಕೆ ಎದ್ದು ನಿಂತಿತು. ಜನ ಚಪ್ಪಾಳೆ ತಟ್ಟಿದರು. ಅಮ್ಮ ಸೇತುವೆಗೆ ಬೆನ್ನು ಮಾಡಿ ನೀರು ನೋಡುತ್ತಿದ್ದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿರಬೇಕು ಎಂದುಕೊಂಡು ಮಲ್‌ಸುಕ್ ಕೊಡೆ ಬಿಚ್ಚಿ ಹಿಡಿದಳು.

“ನಮ್ಮಪ್ಪ ಇದ್ರ ಕೆಳಗೇ ಸಿಗ್ತೀನಿ ಅಂದಿದ್ದ,” ಎಂದಳು ಅಮ್ಮ. “ನಿನ್ನ ತಮ್ಮನ್ನ ಕರ್ಕೊಂಡು ಮುಂದಿನ ಹಡಗಿಗೆ ಬರ್ತೀನಿ, ಎಲ್ಲೂ ಹೋಗ್ಬೇಡ ಅಂದ. ಚಳಿಗಾಲ ಪೂರಾ ನಿಂತಿದ್ದೆ.” ಕೊಡೆಯ ನೆರಳಿನಿಂದ ಸರಿದು, “ಇವತ್ತಿಂದು ನಿನಗೆ ಖುಷಿ ಆಯ್ತೇನೇ?”

“ನಿನಗಾದ್ರೆ ನನಗೂ ಆಯ್ತಮ್ಮ.”

ಅಮ್ಮ ತಲೆಯಾಡಿಸಿದಳು.

*

ಮುಂಗಾರು ಹಿಡಿಯಿತು. ಅಮ್ಮ ಮಾತನ್ನು ಕಡಿಮೆ ಮಾಡಿದಳು. ಬೈಯುವುದನ್ನೂ ಬಿಟ್ಟಳು. ಅದು ಮಲ್‌ಸುಕ್‌ಗೆ ಹೆಚ್ಚು ದಿಗಿಲು. ಬೆಳಿಗ್ಗೆ ಆರಕ್ಕೆ ಅವಳು ಕೆಲಸಕ್ಕೆ ಹೊರಡುವಾಗ, ಗಂಜಿ ತಿನ್ನು ಎಂದು ಹಿಂದಿನಿಂದ ಕೂಗುತ್ತಿದ್ದ ದನಿ ಈಗ ಹಾಸಿಗೆಯಲ್ಲೇ ಗೋಡೆಗೆ ತಿರುಗಿ ಮಲಗಿರುತ್ತಿತ್ತು. ಸಂಜೆ ಬಂದರೆ ಮುದುಕಿ ತನ್ನ ತಟ್ಟೆ ತಾನೇ ತೊಳೆದಿಟ್ಟಿರುತ್ತಿದ್ದಳು, ಬಾಡಿಗೆಗೆ ಬಂದವರ ಹಾಗೆ. ವಯಸ್ಸಿನ ಸುಸ್ತು, ಅವತ್ತು ಹೆಚ್ಚೇ ನಡೆಸಿಬಿಟ್ಟೆ ಎಂದು ಮಲ್‌ಸುಕ್ ತನ್ನನ್ನೇ ಬೈದುಕೊಂಡಳು.

ಮಾಳಿಗೆಯ ಮೇಲೆ ಏಳು ಜಾಡಿಗಳಿದ್ದವು. ಅಡುಗೆಗೆಂದು ಅಮ್ಮ ಕೈಯಾರೆ ಹುದುಗಿಸಿಟ್ಟ ಸೋಯಾ ಹುದುಗು, ಮೆಣಸಿನ ಹುದುಗು, ಹನ್ನೆರಡು ವರ್ಷ ಹಳೆಯ ಸೋಯಾ ರಸ. ಜೂನ್ ಕಳೆಯುವಷ್ಟರಲ್ಲಿ ಐದಾದವು, ಆಮೇಲೆ ನಾಲ್ಕು. ಒಂದು ಭಾನುವಾರ ಮೆಟ್ಟಿಲಲ್ಲಿ ಸಿಕ್ಕ ಕೆಳಮನೆಯ ಹೆಂಗಸು, ಅಂಥ ಹುದುಗು ದುಡ್ಡು ಕೊಟ್ಟರೂ ಸಿಗಲ್ಲ, ನಿಮ್ಮಮ್ಮನ ಕೈ ಅದು, ಸುಮ್ಮನೆ ಕೊಟ್ಟುಬಿಟ್ಟರಲ್ಲ ಎಂದು ಕೊಂಡಾಡಿದಳು. ಮಲ್‌ಸುಕ್ ತರಕಾರಿ ಚೀಲದೊಂದಿಗೆ ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು.

ಅಮ್ಮ ಮಾಳಿಗೆಯಲ್ಲಿ ನಾಲ್ಕನೆಯ ಜಾಡಿಯ ಮೈ ಒರೆಸುತ್ತಿದ್ದಳು.

“ಏನಮ್ಮ ಇದು? ಮನೆ ಹುದುಗೆಲ್ಲ ಕಂಡೋರಿಗೆ ಹಂಚ್ತಿದೀಯ?”

“ಮತ್ತೆ? ತಲೆ ಮೇಲೆ ಹೊತ್ಕೊಂಡು ಹೋಗ್ಲಾ? ನಿನ್ನ ತಮ್ಮನ ಬಾಲ್ಕನೀಲಿ ಬೂಟಿಡೋಕೇ ಜಾಗ ಇಲ್ಲ.”

“ತೇಗೊನ್ ಮನೆಗ್ಯಾಕೆ ಹೋಗ್ತೀಯ?”

ಅಮ್ಮ ಬಟ್ಟೆ ಹಿಂಡಿದಳು. “ಸಾಕು ನಾಟಕ ಮಲ್‌ಸುಕ್. ಆಗಸ್ಟ್ ಕೊನೆಗೆ ಖಾಲಿ ಮಾಡ್ಬೇಕಲ್ಲ. ಮನೆ ಬೇಕಿದ್ರೆ, ಮಾರ್ಬೇಕಿದ್ರೆ, ಮುಖಕ್ಕೆ ಹೇಳಿದ್ರೆ ಆಗ್ತಿತ್ತು. ನಾನು ಬೇಡ ಅಂತಿದ್ನಾ? ಪಾರಿವಾಳ ತೋರಿಸಿ, ಬಿಸಿನೀರು ಕುಡಿಸಿ, ಬೂಟು ಸಡಿಲ ಮಾಡಿ... ಬಲಿ ಕೊಡೋ ಕುರಿಗೂ ಅಷ್ಟು ಉಪಚಾರ ಮಾಡಲ್ಲ.”

ಮಲ್‌ಸುಕ್ ಚೀಲವನ್ನು ಕೆಳಗಿಟ್ಟಳು. ಅವಳು ಬಿಟ್ಟು ಬಿಟ್ಟು ಕೇಳಿದಳು, ಅಮ್ಮ ಬಿಟ್ಟು ಬಿಟ್ಟು ಹೇಳಿದಳು. ಆ ಕಚೇರಿಯಲ್ಲಿ, ಅವಳು ಗಂಜಿಯ ಜಾಗ ಹಿಡಿಯಲು ಹೋದ ಮೇಲೆ, ತೇಗೊನ್ ಅಮ್ಮನ ಪಕ್ಕ ಕೂತು ವಿಷಯ ಹೇಳಿದ್ದ. ಗುಡ್ಡದ ಈ ಬದಿಯನ್ನೆಲ್ಲ ಒಂದು ಕಟ್ಟಡದ ಕಂಪನಿ ಕೊಳ್ಳುತ್ತಿದೆ. ಮನೆ ಕೊಟ್ಟರೆ ಒಳ್ಳೆಯ ಶಾಲೆಯ ಹತ್ತಿರ ತನಗೊಂದು ಸ್ವಂತ ಮನೆಯಾಗುತ್ತದೆ, ಅಮ್ಮನಿಗೊಂದು ಕೋಣೆ. ಮಾರಾಟಕ್ಕೆ ಮೊಹರು ಅವಳದೇ ಎಂಬ ಸರ್ಕಾರಿ ಪ್ರಮಾಣಪತ್ರ ಬೇಕು, ಅದು ಅವಳ ಹೆಬ್ಬೆಟ್ಟಿಗೆ ಇಲ್ಲೇ ಸಿಗುತ್ತದೆ. ಗುಮಾಸ್ತೆ ಹುಡುಗಿ ಒಳ್ಳೆಯವಳು, ಎರಡು ಸಲ ಕೇಳಿದಳು, ಅಜ್ಜಿ, ಮನೆ ಮಾರೋಕೆ ಅಂತ ಬರೆದಿದೆ, ನಿಮಗೆ ಒಪ್ಪಿಗೆ ತಾನೇ ಎಂದು.

“ನೀನು ಹೂಂ ಅಂದ್ಯಾ?”

“ಮೊದ್ಲು ಅವನ್ನ ಕೇಳ್ದೆ. ಮಲ್‌ಸುಕ್‌ಗೆ ಗೊತ್ತಾ ಅಂತ. ಗೊತ್ತಿರದೇನು ಅಂತ ಚೀಟಿ ತೆಗೆದು ತೋರಿಸ್ದ. ನಿನ್ನ ಅಕ್ಷರ. ಹನ್ನೊಂದೂವರೆಗೆ ಬಡಾವಣೆ ಕಚೇರಿ. ಅಮ್ಮ ಇಲ್ಲಿ ಕೂರ್ಬೇಕು. ಆತುರ ಬೇಡ.” ಅಮ್ಮ ಓದಿದಂತೆ ಒಂದೊಂದೇ ಹೇಳಿದಳು. “ಅಕ್ಕನಿಗೆ ಬಾಯಿಬಿಟ್ಟು ಹೇಳೋಕೆ ಸಂಕೋಚ, ಅದಕ್ಕೇ ಮುಂದೆ ಹೋದ್ಲು ಅಂದ. ಹೆತ್ತಿರೋದು ಎರಡು. ಎರಡೂ ಒಂದಾಗಿ ಬೇಡ ಅಂದ್ಮೇಲೆ ಈ ಮುದುಕಿ ಗೋಡೆ ತಬ್ಕೊಂಡು ಕೂರ್ಬೇಕಾ? ಒತ್ತಿದೆ. ಮೊಹರೂ ಕೊಟ್ಟೆ.”

“ಅದು ಶೌಚಾಲಯಕ್ಕೆ ಬರೆದಿದ್ದಮ್ಮ.” ಎಂದಳು ಮಲ್‌ಸುಕ್. “ನಿನಗೆ ಕೂರೋಕೆ. ಅಲ್ಲಿ ಕುರ್ಚಿ ಚೆನ್ನಾಗಿತ್ತು, ಅದಕ್ಕೆ.”

ಅಮ್ಮ ನಂಬಿದಳೋ ಇಲ್ಲವೋ, ಬಟ್ಟೆಯನ್ನು ಜಾಡಿಯ ಮೇಲೆ ಹರವಿ, “ಮಳೆ ಬರತ್ತೆ, ಒಳಗೆ ಬಾ,” ಎಂದಳಷ್ಟೇ.

*

ತೇಗೊನ್ ಮನೆಯ ಬಾಗಿಲು ತೆರೆದದ್ದು ಅವನ ಹೆಂಡತಿ ಉನ್‌ಜು. ಅತ್ತಿಗೆ ಬನ್ನಿ ಎಂದು ಹಳದಿ ಕರಬೂಜ ಹೆಚ್ಚಲು ಕೂತಳು. ಇಂಥ ಹೊತ್ತಲ್ಲಿ ಹಣ್ಣು ಹೆಚ್ಚುವುದು ಅವಳ ಅಭ್ಯಾಸ, ಕೈಗೆ ಕೆಲಸ, ಕಣ್ಣಿಗೆ ನೆಲ. ಸೋಯುಲ್ ತನ್ನ ಕೋಣೆಯ ಬಾಗಿಲನ್ನು ಅರ್ಧ ತೆರೆದು ನಿಂತಿದ್ದಳು.

ತೇಗೊನ್ ಏನನ್ನೂ ಅಲ್ಲಗಳೆಯಲಿಲ್ಲ. ಅದು ಅವನ ಜಾಣತನ. ತಾನು ಒಂದು ಸುಳ್ಳೂ ಹೇಳಿಲ್ಲ ಎಂದ. ಚೀಟಿ ತೋರಿಸಿದೆ, ಓದಿದ್ದು ಅಮ್ಮ. ಮನೆ ನೋಂದಣಿಯೂ ಆಗಿಹೋಗಿದೆ. ಹೇಗಿದ್ದರೂ ಆ ಮನೆ ಮಗನಿಗೆ ಬರುವುದೇ ತಾನೇ, ನಾಳೆ ಅಮ್ಮನಿಗೆ ಎಡೆ ಇಡುವವನು ಯಾರು? ಅಕ್ಕನಿಗೂ ಏನಾದರೂ ಕೊಡದೆ ಇರುವುದಿಲ್ಲ, ಒಂದು ಕೋಣೆ ಹಿಡಿಯಲು ಸಾಕಾಗುವಷ್ಟು.

“ಹದಿನಾರಕ್ಕೆ ಬೂಟಿನ ಕಾರ್ಖಾನೆಗೆ ಹೋದೆ,” ಎಂದಳು ಮಲ್‌ಸುಕ್. “ನಿನ್ನ ಕಾಲೇಜು ಮುಗಿಯೋವರೆಗೂ ಅಟ್ಟೆಗೆ ಅಂಟು ಬಳಿದೆ. ಅದನ್ನ ನಾನು ಯಾವತ್ತಾದ್ರೂ ಎತ್ತಿ ಆಡಿದೀನಾ?”

“ಇವಾಗ ಆಡ್ತಿದೀಯಲ್ಲ.”

“ಹೂಂ, ಇವಾಗ ಆಡ್ತಿದೀನಿ. ಆ ಮನೆ ಹೋಗ್ಲಿ, ಸುಟ್ಟುಹೋಗ್ಲಿ. ಅಮ್ಮ ಒಂದು ತಿಂಗಳು ನನ್ನ ಕೈಯಲ್ಲಿ ಅನ್ನ ತಿಂದಳಲ್ಲೋ, ಇವಳೇ ನನ್ನ ಮಾರಿದ್ದು ಅಂದ್ಕೊಂಡು. ತುತ್ತು ತುತ್ತಿಗೂ ಹಾಗಂದ್ಕೊಂಡು. ನಾನು ಅವಳನ್ನ ಕೂರಿಸೋಕೆ ಒಂದು ಜಾಗ ಹುಡುಕ್ದೆ. ನೀನು ಅದೇ ಜಾಗದಲ್ಲಿ ಅವಳನ್ನ ಎಬ್ಬಿಸ್ದೆ.”

ಉನ್‌ಜು, ಹಣ್ಣು ತಗೊಳ್ಳಿ ಅತ್ತಿಗೆ ಎಂದಳು. ಯಾರೂ ತಗೊಳ್ಳಲಿಲ್ಲ.

“ಅಪ್ಪಾ,” ಎಂದಳು ಸೋಯುಲ್ ಬಾಗಿಲಿಂದ. “ಗಂಜಿ ಅಂಗಡೀಲಿ ಸಾಲೇ ಇರ್ಲಿಲ್ಲ. ನಾವಿಬ್ಬರೇ ಇದ್ವಿ. ಅತ್ತೆ ವಾಪಸ್ ಹೋಗೋಣ ಅಂದಾಗೆಲ್ಲ ನಾನೇ ತಡೆದೆ. ನೀನು ಹೇಳಿದ್ಯಲ್ಲ, ಅಜ್ಜಿಗೆ ಏನೋ ಉಡುಗೊರೆ, ಅತ್ತೆಗೆ ಗೊತ್ತಾಗ್ಬಾರ್ದು ಅಂತ.”

“ಒಳಗೆ ಹೋಗು,” ಎಂದ ತೇಗೊನ್.

ಹುಡುಗಿ ಒಳಗೆ ಹೋಗಿ ಊಟದ ಪಟ್ಟಿಯ ಆ ಹಾಳೆಯನ್ನು ಹಿಡಿದು ಬಂದಳು. ಅಪ್ಪನ ಕಾರಿನಲ್ಲಿ ಸಿಕ್ಕಿತ್ತಂತೆ. ಅತ್ತೆಯ ಕೈಗೆ ಕೊಟ್ಟು, ಅಳುವುದಕ್ಕೆ ಮೊದಲು ಬಾಗಿಲು ಹಾಕಿಕೊಂಡಳು. ಅವಳೊಬ್ಬಳೇ ಆ ಮನೆಯಲ್ಲಿ ಏನಾದರೂ ಹಿಂದಕ್ಕೆ ಕೊಟ್ಟವಳು.

*

ಅಮ್ಮ ಆ ಹಾಳೆಯನ್ನು ನೋಡಿದಳು, ಸೋಯುಲ್ ಹೇಳಿದ್ದನ್ನು ಮಗಳ ಬಾಯಿಂದ ಕೇಳಿದಳು. ಅವತ್ತು ಬೆಂದ ಮೆತ್ತನೆಯ ಅನ್ನವನ್ನು ತಿಂಗಳ ಮೇಲೆ ಮೊದಲ ಬಾರಿಗೆ ಎರಡು ಸಲ ಬಡಿಸಿಕೊಂಡಳು. “ನಿನ್ನ ಮೇಲೆ ತಪ್ಪು ತಿಳ್ಕೊಂಡೆ ಕಣೇ,” ಎಂದಳು. ಮಲ್‌ಸುಕ್ ಎದ್ದು ಹೋಗಿ ನಲ್ಲಿ ಬಿಟ್ಟು ಅಕ್ಕಿ ತೊಳೆದಳು, ನಾಳಿನ ಅಕ್ಕಿ, ಆಗಲೇ ತೊಳೆದಿಟ್ಟಿದ್ದ ಅಕ್ಕಿ.

ಮರುದಿನ ಕೆಲಸ ಮುಗಿಸಿ, ಮೈಯಿಂದ ಹಂಡೆಯ ವಾಸನೆ ಹೋಗುವ ಮೊದಲೇ, ಬಡವರಿಗೆ ಪುಕ್ಕಟೆ ಸಲಹೆ ಕೊಡುವ ವಕೀಲರ ಕಚೇರಿಗೆ ಹೋದಳು. ಕನ್ನಡಕದ ಹೆಂಗಸೊಬ್ಬಳು ಹಾಳೆಯನ್ನು ಎರಡೂ ಬದಿ ಓದಿ, ಇದು ಸುಲಭವಲ್ಲ, ಆದರೆ ಆಗದ್ದೂ ಅಲ್ಲ ಎಂದಳು. ಒಂದೇ ಷರತ್ತು. ಮನೆಯ ಒಡತಿ ತಾನೇ ಬಂದು, ಮಗ ನನ್ನನ್ನು ನಂಬಿಸಿ ಮೋಸ ಮಾಡಿದ ಎಂದು ತನ್ನ ಬಾಯಿಂದ ಹೇಳಬೇಕು. ಮಗಳು ಹೇಳಿದರೆ ನಡೆಯದು. ಅದೂ ಬೇಗ, ಗೋಡೆಗಳು ಬೀಳುವುದಕ್ಕೆ ಮುಂಚೆ.

ಮಲ್‌ಸುಕ್ ಅಮ್ಮನಿಗೆ ಹೇಳಿದಳು. ಅಮ್ಮ ಮೂರು ದಿನ ಉಳಿದ ಜಾಡಿಗಳ ಮೈ ಒರೆಸಿದಳು. ನಾಲ್ಕನೆಯ ಸಂಜೆ ಊಟದ ಮಣೆ ಎತ್ತಿದ ಮೇಲೆ, “ಅವತ್ತು ನಾನು ಸೇತುವೆ ನೋಡ್ಲೇ ಇಲ್ಲ,” ಎಂದಳು. “ಇನ್ನೊಂದು ಚೀಟಿ ಬರಿ. ನಾವಿಬ್ಬರೇ ಹೋಗೋಣ.”

ಮಲ್‌ಸುಕ್ ಜುಲೈ ತಿಂಗಳ ಊಟದ ಪಟ್ಟಿ ತಿರುಗಿಸಿದಳು. ಪೆನ್ಸಿಲಿನಿಂದ ದೊಡ್ಡದಾಗಿ ಎರಡೇ ಸಾಲು ಬರೆದು ಅಮ್ಮನ ಮುಂದಿಟ್ಟಳು. ‘ಹತ್ತಕ್ಕೆ ವಕೀಲರ ಕಚೇರಿ. ಅಮ್ಮ ಇಲ್ಲಿ ಕೂತು ಹೇಳಬೇಕು. ಎರಡಕ್ಕೆ ಸೇತುವೆ.’

ಅಮ್ಮ ಬೆರಳಿಟ್ಟು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಕೈ ಚಾಚಿ ಪೆನ್ಸಿಲು ತೆಗೆದುಕೊಂಡು, ಮೇಲಿನ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಹೊಡೆದು ಹಾಕಿದಳು. ಅಕ್ಷರ ಒಂದೂ ಉಳಿಯದ ಹಾಗೆ, ಮೀನಿನ ಹೊಟ್ಟೆ ಸೀಳುವಷ್ಟು ನೇರವಾಗಿ.

“ಹೆತ್ತ ಮಗನ ಮೇಲೆ ನಾನು ಕೋರ್ಟು ಹತ್ತಲ್ಲ ಮಲ್‌ಸುಕ್.”

“ನನ್ನದೊಂದು ಸಾಲು ಓದಿ, ನನ್ನ ಒಂದು ಮಾತು ಕೇಳದೇ, ನಾನೇ ಮೋಸ ಮಾಡ್ದೆ ಅಂತ ನೀನು ನಂಬಿದೆ,” ಎಂದಳು ಮಲ್‌ಸುಕ್. ಸಿಟ್ಟಿರಲಿಲ್ಲ, ಅಡುಗೆಮನೆಯ ಸಾಮಾನು ಎಣಿಸುವಾಗಿನ ದನಿ. “ಅವನು ಮಾಡಿದ್ದು ಪೂರ್ತಿ ಗೊತ್ತಾದ್ಮೇಲೂ ನಿನ್ನ ಬಾಯಲ್ಲಿ ಆ ಮಾತು ಬರಲ್ಲ.”

“ನಾಳೆ ನನಗೆ ಎಡೆ ಇಡೋನು ಅವನು.”

“ಇವತ್ತು ಅನ್ನ ಇಡೋಳು ನಾನು.”

ಅಮ್ಮ ಪೆನ್ಸಿಲನ್ನು ಮಣೆಯ ಮೇಲೆ ಉರುಳದಂತೆ ಇಟ್ಟಳು. “ಸೇತುವೆಗೆ ಯಾವತ್ತು ಹೋಗೋಣ ಹೇಳು.”

“ತೇಗೊನ್ ಜೊತೆ ಹೋಗಮ್ಮ. ಬೆಂಚು ಎಲ್ಲಿದೆ, ಶೌಚಾಲಯ ಎಲ್ಲಿದೆ, ಎಲ್ಲಾ ಅವನಿಗೆ ಗೊತ್ತು. ನಾನೇ ಬರೆದುಕೊಟ್ಟಿದೀನಲ್ಲ.”

“ನೀನು ಬರಲ್ವಾ?”

“ಬರ್ತೀನಿ ಅಂತ ಹೇಳಿ ನಿನ್ನ ಚಳಿಗಾಲ ಪೂರಾ ನಿಲ್ಲಿಸಲ್ಲ. ಬರಲ್ಲ ಅಂತ ಮುಖಕ್ಕೇ ಹೇಳ್ತಿದೀನಿ.”

ಅವಳು ಎದ್ದು ಒಲೆಯ ಹತ್ತಿರ ಹೋದಳು. ಆಗಸ್ಟ್ ಮುಗಿಯುವುದಕ್ಕೆ ಇನ್ನೂ ಐದು ವಾರ ಇತ್ತು. ಅಷ್ಟು ದಿನವೂ ಅನ್ನ ಬೇಯಲೇಬೇಕು. ಬೆಳಗಿನ ಅಕ್ಕಿಗೆ ನೀರು ಹಾಕುವಾಗ ಕೈ ಅಭ್ಯಾಸದಂತೆ ಒಂದು ಲೋಟ ಹೆಚ್ಚೇ ಸುರಿಯಿತು, ಕೃತಕ ಹಲ್ಲಿಗೆ ಹೊಂದುವಷ್ಟು. ತಿರುಗಿ ನೋಡಿದಾಗ ಅಮ್ಮ ಸೊಂಟದ ಒಳಚೀಲ ಬಿಚ್ಚಿ, ಮೊಹರಿಲ್ಲದ ಖಾಲಿ ಕೆಂಪು ರೇಷ್ಮೆಯೊಳಕ್ಕೆ ಸಾಲು ಹೊಡೆದ ಆ ಹಾಳೆಯನ್ನು ಮಡಚಿ ಮಡಚಿ ತುರುಕುತ್ತಿದ್ದಳು. ಅದು ಹಿಡಿಸುತ್ತಿರಲಿಲ್ಲ. ಮತ್ತೊಂದು ಸಲ ಮಡಚಿದಳು.